ಆಷಾಢದಲ್ಲಿ ಕೊಂಡ ಮನೆ

ಗಿಲ್‌ರಾಯ್ ಅನ್ನುವ ಊರಿನ ಒಂದು ಮನೆಯ ಹುಲ್ಲು ಕತ್ತರಿಸಿದ ಕೂಲಿ ನನಗಿನ್ನೂ ಬಂದಿಲ್ಲ. ಶ್ರಾವಣದಿಂದ ಬಾಕಿ. ಮಾಲೀಕರು ಊರಲ್ಲಿಲ್ಲವೇ ಅಂದರೆ ಇದ್ದಾರೆ, ನನ್ನ ಪಕ್ಕದಲ್ಲೇ ಮಲಗಿ ಗೊರಕೆ ಹೊಡೆಯುತ್ತಾರೆ. ಹೆಸರು ಜಲಜಾ. ನಾನು ಅವರ ಗಂಡ ಜಯರಾಮ್, ಮಂಡ್ಯ ಕಡೆಯವನು, ಮಾಜಿ ಹೋರಾಟಗಾರ. (‘ಮಾಜಿ’ ಅನ್ನುವುದು ಜಲಜಳ ಪದ. ನಾನು ಒಪ್ಪಿಲ್ಲ.)

ಕಾಲೇಜಿನ ದಿನಗಳಿಂದ ನಾನು ಕೂಗದ ಘೋಷಣೆಯಿಲ್ಲ, ತಿನ್ನದ ಲಾಠಿಯೇಟಿಲ್ಲ. ಗ್ರಹಣದ ಹೊತ್ತಿಗೆ ಸ್ಮಶಾನದಲ್ಲಿ ಕೂತು ಉಪ್ಪಿಟ್ಟು ತಿಂದವನು. ನಮ್ಮ ಮದುವೆಯನ್ನಂತೂ ಹುಡುಕಿ ಹುಡುಕಿ ಆಷಾಢದಲ್ಲಿ, ಅಮಾವಾಸ್ಯೆಯ ದಿನ, ರಾಹುಕಾಲಕ್ಕೆ ಇಟ್ಟುಕೊಂಡೆ. ಅತ್ತೆ ಭದ್ರಮ್ಮ ಅವತ್ತು ಸಮುದಾಯ ಭವನದ ಕಂಬ ತಬ್ಬಿಕೊಂಡು ಅತ್ತರು. ನಾನು ಅವರ ಅಳುವಿನ ಮೇಲೂ ಒಂದು ಭಾಷಣ ಮಾಡಿದೆ.

ಆಮೇಲೆ ಜಲಜಳ ಕೆಲಸದ ಬೆನ್ನು ಹತ್ತಿ ಅಮೆರಿಕಕ್ಕೆ ಬಂದೆ. ಕ್ಯಾಂಪ್‌ಬೆಲ್‌ನಲ್ಲಿ ಒಂದು ಅಪಾರ್ಟ್‌ಮೆಂಟು ಬಾಡಿಗೆಗೆ ಹಿಡಿದೆವು. ಮೊದಲ ಸಲ ಬಾಡಿಗೆ ಏರಿಸಿದಾಗಲೇ ನಾನು ಈಜುಕೊಳದ ಪಕ್ಕ ಸಭೆ ಕರೆದು ಬಾಡಿಗೆದಾರರ ಸಂಘ ಕಟ್ಟಿದೆ. ಇವತ್ತಿಗೂ ಅದರ ಅಧ್ಯಕ್ಷ ನಾನೇ. (ಬೇರೆ ಯಾರೂ ನಿಲ್ಲುವುದಿಲ್ಲ.)

ಇಂಥ ಮಹಾಪುರುಷನ ಮುಂದೆ ಜಲಜಾ ಒಂದು ದಿನ ಸಾರಿನ ಪಾತ್ರೆಯ ಜೊತೆಗೆ ಒಂದು ಮಾತನ್ನೂ ತಂದಿಟ್ಟಳು.

“ರೀ, ಗಿಲ್‌ರಾಯ್‌ನಲ್ಲಿ ಒಂದು ಮನೆ ತಗೊಂಡು ಬಾಡಿಗೆಗೆ ಬಿಡೋಣ.”

“ನಾನು? ಮನೆ ಮಾಲೀಕ?”

“ನಂಗೆ ಐವತ್ತು ದಾಟ್ತು. ಟೀಮಲ್ಲಿ ನನಗಿಂತ ದೊಡ್ಡೋರನ್ನೆಲ್ಲ ಮನೆಗೆ ಕಳಿಸಿ ಆಯ್ತು. ಇನ್ನು ನನ್ ಸರದಿ. ಅವತ್ತು ಅಕ್ಕಿ ಕೇಳ್ಕೊಂಡು ನಿಮ್ ಸಂಘದ ಹತ್ರ ಬರ್ಲಾ?”

ಸಂಘದ ಆಸ್ತಿ ಅಂದರೆ ಒಂದು ಮೆಗಾಫೋನು, ಅರ್ಧ ಡಬ್ಬಿ ಪೇಂಟು. ಆದ್ದರಿಂದ ನಾನು ‘ಬೇಡ’ ಅನ್ನಲಿಲ್ಲ, ‘ಈಗ ಬೇಡ’ ಅಂದೆ. ಮನವಿ ಹಿಡಿದುಕೊಂಡು ಹೋದಾಗಲೆಲ್ಲ ಮಂತ್ರಿಗಳು ನಮಗೆ ಕಲಿಸಿಕೊಟ್ಟ ವಿದ್ಯೆ ಅದು.

ಬಡ್ಡಿ ಜಾಸ್ತಿಯಿದೆ, ಇಳಿಯಲಿ ಅಂದೆ. ಬಡ್ಡಿ ಒಂದಿಷ್ಟು ಇಳಿಯಿತು. ಬೆಲೆ ಏರಿದೆ, ಅದೂ ಇಳಿಯಲಿ ಅಂದೆ. ಚುನಾವಣೆ ಮುಗಿಯಲಿ ಅಂದೆ. ಮುಗಿಯಿತು, ಫಲಿತಾಂಶ ಅರಗಲಿ ಅಂದೆ. ಬಂಡವಾಳಶಾಹಿ ವ್ಯವಸ್ಥೆ ಕೊನೆಯುಸಿರು ಎಳೆಯುತ್ತಿದೆ, ಅದು ಸತ್ತರೆ ಮನೆಗಳು ಕಡಲೆಕಾಯಿ ಬೆಲೆಗೆ ಸಿಗುತ್ತವೆ ಅಂದೆ.

“ಅದರ ತಿಥಿ ಯಾವತ್ತು ಅಂತ ಹೇಳಿ, ರಜ ಹಾಕ್ತೀನಿ,” ಅಂದಳು.

ಇಲ್ಲಿಯ ಈ ಬೇಸಿಗೆಯಲ್ಲಿ ಅತ್ತೆ ಊರಿಂದ ಬಂದಿದ್ದರು. ಒಂದು ಭಾನುವಾರ ಜಲಜಾ ವಾಸುದೇವನನ್ನು ಕರೆಸಿದಳು. ಈತ ವಾರವೆಲ್ಲ ಸ್ಯಾನ್ ಹೊಸೆಯಲ್ಲಿ ಇಂಜಿನಿಯರು, ಶನಿವಾರ ಭಾನುವಾರ ಮನೆ ದಲ್ಲಾಳಿ. ಮೈಸೂರಿನವನಾದ್ದರಿಂದ ಎರಡನ್ನೂ ಕಾಫಿ ಕುಡಿಯುತ್ತಲೇ ಮಾಡುತ್ತಾನೆ.

“ಸರ್, ಬಡ್ಡಿ ಇಳಿದಿದೆ. ಬೆಲೆನೂ ಇಳಿಸಿದಾರೆ. ಮಾರೋರಿಗೆ ಅರ್ಜೆಂಟು. ಈ ವಾರ ಆಫರ್ ಹಾಕಿದ್ರೆ ಮನೆ ನಿಮ್ದು.”

ನನ್ನ ಬತ್ತಳಿಕೆ ಖಾಲಿ. ತಪ್ಪಿಸಿಕೊಳ್ಳಲು ಬಾಗಿಲು ನೋಡಿದೆ, ಕಿಟಕಿ ನೋಡಿದೆ, ಕೊನೆಗೆ ಇಂಡಿಯನ್ ಗ್ರೋಸರಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರು ನೋಡಿದೆ. ಬೆಳಕು ಕಂಡಿತು.

“ಛೆ, ಆಷಾಢ,” ಅಂದೆ. “ಆಷಾಢದಲ್ಲಿ ಯಾರಾದ್ರೂ ಮನೆ ತಗೋತಾರಾ? ನನಗೇನೂ ನಂಬಿಕೆಯಿಲ್ಲ ಬಿಡಿ. ಆದ್ರೆ ಮನೇಲಿ ಹಿರಿಯರಿದ್ದಾರೆ. ಅತ್ತೆ ಮನಸ್ಸಿಗೆ ನೋವಾಗಬಾರದು.”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಸೋಫಾದ ಮೇಲಿದ್ದ ಅತ್ತೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು.

“ಅಳೀದೇವ್ರೇ, ನನ್ ಮಗಳ್ನ ಯಾವಾಗ ಕಟ್ಕಂಡ್ರಿ?”

“ಅದು ಬೇರೆ ವಿಷಯ ಅತ್ತೆ.”

“ಆಸಾಡ್ದಲ್ಲಿ. ಅಮಾಸೆ ದಿಸ. ರಾವುಕಾಲ್ದಲ್ಲಿ. ಬ್ಯಾಡಿ ಅಂತ ಕಾಲಿಡ್ಕಂಡ್ರೂ ಕೇಳ್ನಿಲ್ಲ. ಕಾಲದಲ್ಲಿ ಒಳ್ಳೇದು ಕೆಟ್ಟದ್ದು ಅಂತ ಇಲ್ಲ ಅಂತ ಮೈಕ್ ಇಡ್ಕಂಡು ಬಡ್ಕಂಡ್ರಿ. ನಾನೂ ಅವತ್ತಿಂದ ಕಾಯ್ತಾವ್ನಿ, ಈ ಸಂಸಾರ ಯಾವತ್ತು ಮುರ್ದು ಬೀಳ್ತದೋ ಅಂತ. ಬೀಳ್ನೇ ಇಲ್ವಲ್ಲ.” ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಆಸಾಡ್ದಲ್ಲಿ ತಕ್ಕಂಡ ಮಾಲು, ನೋಡಕ್ಕೆ ಇಂಗಿದ್ರೂ, ಬಾಳ್ಕೆ ಬತ್ತದೆ. ತಕ್ಕಳಿ ಮನೆಯ.”

ವಾಸುದೇವ ಕಾಫಿ ಲೋಟ ಕೆಳಗಿಟ್ಟ. “ಅಜ್ಜಿ ಹೇಳಿದ್ದು ಸರಿ, ಸರ್. ಆಷಾಢದಲ್ಲಿ ನಮ್ ಜನ ಮಾರೋ ಮನೆ ತೋರಿಸೋ ಓಪನ್ ಹೌಸ್ ಕಡೆ ತಲೆನೂ ಹಾಕಲ್ಲ. ಅದಕ್ಕೇ ಪೈಪೋಟಿ ಇಲ್ಲ. ಶ್ರಾವಣ ಬರ್ಲಿ, ಇದೇ ಮನೆಗೆ ಹತ್ತು ಜನ ಮೇಲೆ ಮೇಲೆ ಕೂಗ್ತಾರೆ.”

“ಇದಕ್ಕಿಂತ ವೈಜ್ಞಾನಿಕವಾದ ಟೈಮು ಬೇಕೇನ್ರೀ?” ಅಂತ ಅಡುಗೆಮನೆಯಿಂದ ಜಲಜಾ.

ಕೊನೆಯ ಅಸ್ತ್ರವೊಂದಿತ್ತು. ಎದ್ದು ನಿಂತೆ. (ಕೂತು ಸಿದ್ಧಾಂತ ಹೇಳಿ ನನಗೆ ಅಭ್ಯಾಸವಿಲ್ಲ.) “ಬಾಡಿಗೆದಾರರ ಸಂಘದ ಅಧ್ಯಕ್ಷನ ಹೆಸರು ಯಾವ ಮನೆಯ ಕ್ರಯಪತ್ರದಲ್ಲೂ ಇರಕೂಡದು,” ಅಂದೆ. ಗಂಡನ ಹೆಸರಿಲ್ಲದೆ ಇವಳು ಮುಂದುವರಿಯಲಾರಳು ಅನ್ನುವುದು ನನ್ನ ಲೆಕ್ಕ. ಸ್ತ್ರೀ ಸಮಾನತೆಯ ಬಗ್ಗೆ ನಾನು ಮಾಡಿದ ಭಾಷಣಗಳನ್ನೆಲ್ಲ ಇವಳು ಮುಂದಿನ ಸಾಲಿನಲ್ಲೇ ಕೂತು ಕೇಳಿದ್ದಳು ಅನ್ನುವುದು ಆ ಕ್ಷಣಕ್ಕೆ ಮರೆತಿತ್ತು.

“ಸರಿ. ನನ್ ಹೆಸರಲ್ಲೇ ಆಗ್ಲಿ.”

ಇಲ್ಲಿಯ ಕಾನೂನಿನಂತೆ, ಆ ಮನೆಯಲ್ಲಿ ನನಗೆ ಯಾವ ಹಕ್ಕೂ ಇಲ್ಲವೆಂದು ನೋಟರಿಯ ಮುಂದೆ ಸಹಿ ಹಾಕಿದೆ. ಹಾಕಿ ಮುಷ್ಟಿ ಎತ್ತಿದೆ. ನೋಟರಿಯಮ್ಮ ಹೆದರಿ ತನ್ನ ಪೆನ್ನು ಕಿತ್ತುಕೊಂಡಳು. ಮನೆ ಕೈಗೆ ಬಂದ ಮೇಲೂ ಅತ್ತೆ ಶ್ರಾವಣ ಹುಟ್ಟುವವರೆಗೆ ಹಾಲುಕ್ಕಿಸಲು ಬಿಡಲಿಲ್ಲ. ಇದ್ಯಾವ ನ್ಯಾಯ ಅಂದರೆ, “ಕೊಂಡಿದ್ದು ನಿಮ್ ಲೆಕ್ಕದಲ್ಲಿ, ಹಾಲು ನನ್ ಲೆಕ್ಕದಲ್ಲಿ,” ಅಂದರು.

ಬಾಡಿಗೆಗೆ ಒಂದು ಸಂಸಾರ ಬಂತು. ಗಂಡ ಹೆಂಡತಿ ಇಬ್ಬರೂ ಔಟ್‌ಲೆಟ್ ಅಂಗಡಿಗಳಲ್ಲಿ ಕೆಲಸಕ್ಕಿರುವವರು. ಬೀಗದ ಕೈ ಕೊಡಲು ಹೋದ ನಾನು ಸುಮ್ಮನೆ ಬರಬಹುದಿತ್ತು. ಅವರನ್ನು ಜಗಲಿಯ ಮೆಟ್ಟಿಲ ಮೇಲೆ ಕೂರಿಸಿ ಬಾಡಿಗೆದಾರರ ಹಕ್ಕುಗಳ ಬಗ್ಗೆ ತರಗತಿ ತೆಗೆದುಕೊಂಡೆ. ನಲ್ಲಿ ಸೋರಿದರೆ ಸಹಿಸಬೇಡಿ. ಹುಲ್ಲು ಬೆಳೆದರೆ ಮಾಲೀಕರನ್ನು ಕರೆಸಿ. ಎಷ್ಟು ಹೊತ್ತಿಗಾದರೂ ಫೋನು ಮಾಡಿ.

ಒಳ್ಳೆಯ ವಿದ್ಯಾರ್ಥಿಗಳು. ಮಾಡಿದರು.

“ನೀವೇ ಹೇಳ್ಕೊಟ್ಟಿದ್ದು, ನೀವೇ ಹೋಗಿ,” ಅಂದಳು ಜಲಜಾ.

“ಆ ಮನೇಲಿ ನನಗೆ ಹಕ್ಕೇ ಇಲ್ಲವಲ್ಲೇ.”

“ಹಕ್ಕಿಲ್ಲದೋರೇ ಅಲ್ವಾ ಕೆಲಸ ಮಾಡೋದು? ನಿಮ್ ಭಾಷಣದಲ್ಲೇ ಇದೆ.”

ಅಂದಿನಿಂದ ಪ್ರತಿ ಶನಿವಾರ ಫ್ರೀವೇ ಹಿಡಿದು ದಕ್ಷಿಣಕ್ಕೆ ಹೋಗುತ್ತೇನೆ. ಹುಲ್ಲು ಕತ್ತರಿಸುತ್ತೇನೆ, ಕಟ್ಟಿಕೊಂಡ ಸಿಂಕಿನಲ್ಲಿ ಮೊಣಕೈವರೆಗೆ ಇಳಿಯುತ್ತೇನೆ, ಆ ಊರು ಹೆಸರಾಗಿರುವ ಬೆಳ್ಳುಳ್ಳಿಯ ವಾಸನೆ ಹೊತ್ತು ಮನೆಗೆ ಬರುತ್ತೇನೆ. ದೀಪಾವಳಿಯ ವಾರ ಜಲಜಳ ಆಫೀಸು ಅವಳನ್ನು ಮನೆಗೆ ಕಳಿಸಿತು. ಈಗ ಸಾಲದ ಕಂತು ಕಳೆದು ಉಳಿಯುವ ಬಾಡಿಗೆಯಲ್ಲೇ ನಮ್ಮ ಅಕ್ಕಿ ಬೇಳೆ. ಇದನ್ನು ನಾನು ಒಪ್ಪುತ್ತೇನೆ. ಆದರೆ ಕೂಲಿ ಕೂಲಿಯೇ.

“ಕೂಲಿ ಕೊಡು,” ಅಂದೆ.

“ಕೊಡೋಣ. ಈಗ ಬೇಡ. ಬಡ್ಡಿ ಇಳೀಲಿ.”

“ಜಲಜಾ.”

“ಚುನಾವಣೆ ಮುಗೀಲಿ.”

ನಮ್ಮ ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ಜಾಗದಲ್ಲಿ ಚಾಪೆ ಹಾಸಿ ಧರಣಿ ಕೂತೆ. ಬೆಂಬಲಕ್ಕೆ ಬನ್ನಿ ಅಂತ ಸಂಘದವರನ್ನು ಕರೆದೆ. ಮಾಲೀಕರ ಮನೆಯವರ ಜೊತೆ ಕೂರುವುದಿಲ್ಲ ಅಂದುಬಿಟ್ಟರು. ಅತ್ತೆ ಮಾತ್ರ ಬಂದರು, ತಟ್ಟೆಯಲ್ಲಿ ಬಿಸಿ ಮುದ್ದೆ, ಅವರೆಕಾಳು ಸಾರು. ತಿಂದೆ. ಧರಣಿ ಮುರಿಯಿತು.

ಆದ್ದರಿಂದ ಓದುಗರೇ, ಪ್ರಶ್ನೆ ನಿಮ್ಮ ಮುಂದಿಟ್ಟಿದ್ದೇನೆ. ಮಾಲೀಕಳ ಗಂಡನಿಗೆ ಕೂಲಿ ಕೇಳುವ ಹಕ್ಕು ಇದೆಯೋ ಇಲ್ಲವೋ? ಇದೆ ಅನ್ನುವವರು ಸುಮ್ಮನೆ ತಲೆಯಾಡಿಸಿ ಪುಟ ತಿರುಗಿಸಕೂಡದು. ಬರುವ ಶನಿವಾರ ಬೆಳಿಗ್ಗೆ ಗಿಲ್‌ರಾಯ್‌ಗೆ ಬನ್ನಿ. ಹುಲ್ಲು ಕತ್ತರಿಸುವ ಯಂತ್ರ ನೀವೇ ತನ್ನಿ, ನನ್ನದು ಕೆಟ್ಟಿದೆ.