ಬಿಗಿದ ದವಡೆಯ ಮೌಖಿಕ ಪರೀಕ್ಷೆ

ಮನುಷ್ಯನ ಜೀವನದಲ್ಲಿ ಅವನೇ ಸಾಕ್ಷಿ ಹೇಳಲಾಗದ ಸಂಗತಿಗಳು ಎರಡು: ಒಂದು, ತಾನು ಹುಟ್ಟಿದ್ದು, ಇನ್ನೊಂದು, ನಿದ್ದೆಯಲ್ಲಿ ಮಾಡಿದ್ದು. ಹುಟ್ಟಿದ ವಿಷಯದಲ್ಲಿ ಅವ್ವನ ಮಾತು ನಂಬಿಕೊಂಡು ಹೇಗೋ ಬದುಕುತ್ತಿದ್ದೇನೆ. ಎರಡನೆಯದರಲ್ಲಿ ಮಾತ್ರ ಹಾಸ್ಟೆಲ್ ಕೋಣೆಯ ಜತೆಗಾರ ಇರ್ಫಾನನ ಮಾತು ನಂಬಬೇಕಾಗಿ ಬಂತು. ನನ್ನ ಕಷ್ಟ ಶುರುವಾದದ್ದೇ ಅಲ್ಲಿಂದ. ನಾನು ಯಾವುದನ್ನೂ ಸುಲಭವಾಗಿ ನಂಬುವವನಲ್ಲ. ಇದು ಹುಟ್ಟುಗುಣವೋ ವಿಶ್ವವಿದ್ಯಾಲಯದಲ್ಲಿ ತಗುಲಿದ್ದೋ ಹೇಳಲಾರೆ. ನನ್ನ ಪಿಎಚ್‌ಡಿ ವಿಷಯವೂ ಅಂಥದ್ದೇ: ಗೋಕಾಕದ ಸುತ್ತಲಿನ ಹಳ್ಳಿಗಳ ಹಿರಿಯರು ನೆನಪಿನಿಂದ ಹೇಳುವ ಊರಿನ ಇತಿಹಾಸವನ್ನು ಎಷ್ಟರಮಟ್ಟಿಗೆ ನಂಬಬಹುದು? ಮಮದಾಪುರದಲ್ಲಿ ಅಣ್ಣತಮ್ಮಂದಿರಿಬ್ಬರು ಒಂದೇ ಕಟ್ಟೆಯ ಮೇಲೆ ಕುಳಿತು, ಊರಿಗೆ ಮೊದಲು ಬಂದ ಬಸ್ಸು ಕೆಂಪಗಿತ್ತೆಂದು ಒಬ್ಬ, ನೀಲಿಯಾಗಿತ್ತೆಂದು ಇನ್ನೊಬ್ಬ ಆಣೆ ಮಾಡಿ ಹೇಳಿದ್ದರು. ಇಬ್ಬರೂ ಅದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಅಂಕಲಗಿಗೆ ಹೋಗಿ ಬಂದವರು! ಇಂಥವನ್ನೇ ಬರೆದು ಬರೆದು ಕೊನೆಗೆ ನನ್ನ ನೆನಪಿನ ಮೇಲೆ ನನಗೇ ಅನುಮಾನ ಬಂದು, ಕೋಣೆಗೆ ಬೀಗ ಹಾಕಿ ಹೊರಟವನು ಬಸ್ ಸ್ಟ್ಯಾಂಡಿನಿಂದ ವಾಪಸು ಬಂದು ಬೀಗ ಜಗ್ಗಿ ನೋಡುವ ಹಂತ ತಲುಪಿದ್ದೆ.

ಇರ್ಫಾನ ಮೂಡಲಗಿಯವನು, ರಸಾಯನಶಾಸ್ತ್ರದ ವಿದ್ಯಾರ್ಥಿ. ಕಣ್ಣಿಗೆ ಕಂಡದ್ದನ್ನು, ಕಿವಿಗೆ ಕೇಳಿದ್ದನ್ನು ಹಾಗೆಯೇ ನಂಬುವ ನೆಮ್ಮದಿಯ ಮನುಷ್ಯ. ಒಂದು ಬೆಳಿಗ್ಗೆ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಕೇಳಿದ: “ಏನಪಾ, ರಾತ್ರಿಯೆಲ್ಲಾ ಯಾವ ಗಿರಣಿ ಚಾಲೂ ಇಟ್ಟಿದ್ದಿ? ಕರಕರ ಕರಕರ! ಅವು ಹಲ್ಲೋ, ಬೀಸೋ ಕಲ್ಲೋ?”

“ನಾ ಹಲ್ಲ ಕಡೀತೇನಿ ಅನ್ನಾಕ ಪುರಾವಾ ಏನೈತಿ?” ಎಂದೆ.

“ಪುರಾವಾ ನಾನ ಅದೀನಲ್ಲೋ! ನನ್ನ ಕಣ್ಣ ನೋಡ, ನಿದ್ದಿ ಇಲ್ದ ಟೊಮ್ಯಾಟೊ ಆಗ್ಯಾವು.”

ಒಬ್ಬನೇ ಸಾಕ್ಷಿಯ ಹೇಳಿಕೆ ಸಾಲದೆಂದು ನನ್ನ ಪ್ರಬಂಧದ ಎರಡನೆಯ ಅಧ್ಯಾಯದಲ್ಲೇ ಇದೆ ಎಂದು ಅವನಿಗೆ ವಿವರಿಸಿದೆ. ಮರುದಿನ ಮೊಬೈಲಿನಲ್ಲಿ ಸದ್ದು ಹಿಡಿದು ಕೇಳಿಸಿದ. ಕಬ್ಬಿನ ಹಾಲಿನ ಗಾಣಕ್ಕೆ ಒಣ ಕಬ್ಬು ಕೊಟ್ಟಂಥ ಶಬ್ದ. “ಇದು ಯಾರದರ ಹಲ್ಲ ಇರಬಹುದು. ನನ್ನವ ಅಂತ ಹೆಂಗ ಹೇಳತಿ?” ಎಂದೆ. ಅವನು ಸಮಾಧಾನದಿಂದಲೇ, “ಖರೆ ಐತಿ. ಮಂಚದ ಬುಡಕ ಮೂರನೇದಾಂವ ಯಾರರ ಮಲಗ್ಯಾನೇನ ನೋಡು, ಸಿಕ್ಕರ ಹೇಳು” ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋದ.

ಪುರಾವೆಯನ್ನು ಕೊನೆಗೆ ಒದಗಿಸಿದ್ದು ನನ್ನ ದವಡೆಯೇ. ಬೆಳಿಗ್ಗೆ ಆಕಳಿಸಹೋದರೆ ಕಿವಿಯ ಮುಂದೆ ಟಕ್ಕೆಂದು ಸದ್ದು. ಆಕಳಿಕೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ಅರ್ಧ ಆಕಳಿಕೆಯ ಅತೃಪ್ತಿ ಅನುಭವಿಸಿದವರಿಗೇ ಗೊತ್ತು. ಗ್ರಂಥಾಲಯದಲ್ಲಿ ಕೆನ್ನೆಗೆ ಕೈಯಿಟ್ಟು ಕುಳಿತವರನ್ನೆಲ್ಲ ನಾನು ಅದುವರೆಗೆ ಚಿಂತಕರೆಂದೇ ತಿಳಿದಿದ್ದೆ. ಈಗ ಪಕ್ಕದಲ್ಲಿ ಕೂತು ವಿಚಾರಿಸಿದರೆ, ಎಷ್ಟೋ ಜನಕ್ಕೆ ದವಡೆ ನೋವು. ಪ್ರಬಂಧ ಒಪ್ಪಿಸುವವರು, ನೆಟ್ ಪರೀಕ್ಷೆಗೆ ಕೂತವರು, ಮದುವೆಗೆ ಮನೆಯವರನ್ನು ಒಪ್ಪಿಸಬೇಕಾದವರು, ಎಲ್ಲರೂ ಓದುತ್ತಾ ಓದುತ್ತಾ ಹಲ್ಲು ಕಚ್ಚಿಕೊಂಡು ಕೂತವರೇ.

ಬೇರೆ ಸಮಯವಾಗಿದ್ದರೆ ಮೂರು ಹೊತ್ತು ಗಂಜಿ ಕುಡಿದು ಸುಮ್ಮನಿರುತ್ತಿದ್ದೆ. ಆದರೆ ಮುಂದಿನ ವಾರವೇ ನನ್ನ ಮೌಖಿಕ ಪರೀಕ್ಷೆ. ಹುಕ್ಕೇರಿಯವರಾದ ನನ್ನ ಗೈಡ್ ಸರ್ ಆ ತಿಂಗಳ ಕೊನೆಗೆ ನಿವೃತ್ತರಾಗುವವರು. ಪರೀಕ್ಷೆ ತಪ್ಪಿದರೆ ಇನ್ನೊಬ್ಬ ಗೈಡನ್ನು ಹುಡುಕಿ, ಅವರಿಗೆ ಕೆಂಪು ಬಸ್ಸು ನೀಲಿ ಬಸ್ಸಿನ ಕತೆಯನ್ನು ಮೊದಲಿನಿಂದ ಹೇಳಿ, ವರ್ಷಗಟ್ಟಲೆ ಮತ್ತೆ ಅಲೆಯಬೇಕು. ಹುಕ್ಕೇರಿಯ ಅವರ ಮನೆಯಲ್ಲಿ ಒಂದು ಸಲ ತಾಲೀಮು ನಡೆದಿತ್ತು. ಅವರು ಒಂದು ಪ್ರಶ್ನೆ ಕೇಳಿದರು. ನಾನು ಒಂದು ದೃಷ್ಟಿಯಿಂದ ಹೌದು ಎಂದು ಆರಂಭಿಸಿ, ಇನ್ನೊಂದು ದೃಷ್ಟಿಗೆ ಹೊರಳಿ, ಮೂರನೆಯದನ್ನು ಹುಡುಕುವಷ್ಟರಲ್ಲಿ ಅವರ ಚಹಾ ಆರಿ ಕೆನೆ ಕಟ್ಟಿತ್ತು. “ತಮ್ಮಾ, ಹೌದಂದ್ರ ಹೌದನ್ನು, ಇಲ್ಲಂದ್ರ ಇಲ್ಲನ್ನು. ಗೊತ್ತಿಲ್ಲಂದ್ರ ಗೊತ್ತಿಲ್ಲನ್ನು. ಬರೂ ಪರೀಕ್ಷಕರು ಭಾಳ ಕಟ್ಟಾ ಮನಷ್ಯಾ ಅದಾರ. ಉದ್ದ ಮಾತಾಡೋರನ್ನ ಕಂಡ್ರ ಅವರಿಗೆ ಆಗೂದಿಲ್ಲ” ಎಂದು ಅವರು ಕೈಮುಗಿದಿದ್ದರು.

ಆ ಸ್ಥಿತಿಯಲ್ಲಿ ದವಡೆಯನ್ನೂ ಹೊತ್ತು ಗೋಕಾಕಕ್ಕೆ ಮನೆಗೆ ಬಂದೆ. ಅವ್ವ ನನ್ನ ಕತೆಯನ್ನು ಪೂರ್ತಿ ಕೇಳದೆಯೇ, “ಹೊಟ್ಟ್ಯಾಗ ಜಂತ ಆಗ್ಯಾವ” ಎಂದು ತೀರ್ಪು ಕೊಟ್ಟು ಜಂತಿನ ಗುಳಿಗೆ ನುಂಗಿಸಿದಳು. ನೋವು ಇಳಿಯದಿದ್ದಾಗ ತೀರ್ಪು ಬದಲಾಯಿತು: “ಎಲುಬಿನ್ಯಾಗ ಶಕ್ತಿ ಇಲ್ಲ. ಅಂಟು ತಿನಬೇಕು. ಬಾಣಂತ್ಯಾರಿಗೆ ಯಾಕ ಕೊಡ್ತಾರ ಮತ್ತ? ಸೊಂಟ ಗಟ್ಟಿ ಆಗೂದಾದ್ರ ದವಡಿ ಗಟ್ಟಿ ಆಗೂದಿಲ್ಲೇನು?” ನಮ್ಮೂರಿನಲ್ಲಿ ಅಂಟೆಂದರೆ ಕರದಂಟು. ಬೆಲ್ಲ, ಒಣ ಕೊಬ್ಬರಿ, ಗೋಡಂಬಿ, ಉತ್ತತ್ತಿಗಳನ್ನೆಲ್ಲ ತುಪ್ಪದಲ್ಲಿ ಕರಿದ ಮರದ ಅಂಟಿನೊಡನೆ ಸೇರಿಸಿ ಗಟ್ಟಿಯಾಗಿ ಹಿಡಿದ ಈ ಮಿಠಾಯಿ ಬಾಯಿಗೆ ಬಿದ್ದರೆ ಹಲ್ಲುಗಳು ಒಂದನ್ನೊಂದು ಬಿಟ್ಟು ಬರಲು ಮನಸ್ಸು ಮಾಡುವುದಿಲ್ಲ. ಜಗತ್ತಿನ ಬೇರೆ ಯಾವ ಊರಿನವರೂ ದವಡೆ ನೋವಿಗೆ ಇದನ್ನು ಔಷಧಿ ಎನ್ನಲಾರರು. ಎಲ್ಲವನ್ನೂ ಅನುಮಾನಿಸುವ ನಾನು ಇದನ್ನೊಂದನ್ನು ಯಾಕೆ ಅನುಮಾನಿಸಲಿಲ್ಲ? ಪ್ರಯೋಗ ಮಾಡಿ ನೋಡಿದೆ ಎಂದು ಹೇಳಬಹುದು. ರುಚಿಯಾಗಿತ್ತು ಎಂಬುದು ನಿಜ. ಹೊತ್ತು ಹೊತ್ತಿಗೆ ತಿಂದು, ಎರಡು ದಿನದಲ್ಲಿ ಬಾಯಿ ಅಂಚೆ ಡಬ್ಬಿಯ ಕಂಡಿಯಷ್ಟಾಯಿತು.

ಘಟಪ್ರಭಾದಲ್ಲಿ ಒಬ್ಬ ಹಲ್ಲಿನ ಡಾಕ್ಟರಮ್ಮ ಇದ್ದಾರೆಂದು, ತಾನೂ ಊರಿಗೆ ಬಂದಿದ್ದ ಇರ್ಫಾನನೇ ಫೋನಿನಲ್ಲಿ ಹೇಳಿ, ಮೂಡಲಗಿಯಿಂದ ಅಲ್ಲಿಗೆ ಬಂದು ಜತೆಗೂಡಿದ. ಗೋಕಾಕದವರು ಯಾರ ಬಳಿ ಹೋಗುವಾಗಲೂ ಬರಿಗೈಯಲ್ಲಿ ಹೋಗಬಾರದೆಂಬುದು ಅವ್ವನ ಕಾನೂನು. ಹಾಗಾಗಿ ಡಾಕ್ಟರಮ್ಮನ ಮೇಜಿನ ಮೇಲೆ ಕರದಂಟಿನ ಡಬ್ಬಿ ಇಟ್ಟೆ. ಅವರು ಡಬ್ಬಿಯನ್ನೂ ನನ್ನ ಬಾಯನ್ನೂ ಒಮ್ಮೆ ನೋಡಿ, “ಇದನ್ನ ನೀವೂ ತಿನ್ನಾಕತ್ತೀರೇನ್ರಿ?” ಎಂದರು.

“ಔಷಧಿ ಅಂತ ತಿನ್ನಾಕತ್ತಾನ್ರಿ ಮೇಡಂ” ಎಂದ ಇರ್ಫಾನ. ಡಾಕ್ಟರಮ್ಮ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ಭುಜ ಕುಣಿಸಿದರು. ಆಮೇಲೆ ಪ್ರಶ್ನೆಗಳು. ನೋವು ಯಾವಾಗ ಶುರುವಾಯಿತು? ನೆನಪಿಲ್ಲ. ಮೊದಲು ಎಡಕ್ಕೋ ಬಲಕ್ಕೋ? ಎಡ ಅನಿಸುತ್ತದೆ, ಆದರೆ ಈಗ ಎಡಗಡೆ ನೋಯುತ್ತಿರುವುದರಿಂದ ಹಾಗೆ ಅನಿಸುತ್ತಿರಬಹುದು. ಅವರು ಪೆನ್ನು ಕೆಳಗಿಟ್ಟರು. “ಪರೀಕ್ಷಾ ಬಂದ್ರ ಸಾಕು, ಇಂಥಾ ಹುಡುಗೋರು ಸಾಲು ಹಚ್ಚತಾರ. ಹಗಲೆಲ್ಲಾ ಹಲ್ಲ ಕಚ್ಚಿ ಕುಂದರ್ತೀರಿ, ರಾತ್ರಿ ಕಡೀತೀರಿ. ತುಟಿ ಕೂಡಿರಲಿ, ಹಲ್ಲ ಕೂಡಬಾರದು. ಬಿಸಿ ಬಟ್ಟಿ ಇಟಗೋರಿ, ಮೆತ್ತಗಿನ ಊಟ ಮಾಡ್ರಿ. ಮುಖ್ಯ ಅಂದ್ರ, ಬಾಯಿಗೆ ಸ್ವಲ್ಪ ದಿನ ರಜಾ ಕೊಡ್ರಿ. ಮಾತು ಎಷ್ಟ ಬೇಕೋ ಅಷ್ಟ.” ಡಬ್ಬಿಯನ್ನು ಮಾತ್ರ ವಾಪಸು ಕೊಡಲಿಲ್ಲ.

ಮಾತು ಎಷ್ಟು ಬೇಕೋ ಅಷ್ಟು! ಪರೀಕ್ಷೆಯ ದಿನ ಅದನ್ನು ಪಾಲಿಸದೆ ಗತಿಯಿರಲಿಲ್ಲ. ಸುಧಾರಿಸಿದ್ದ ದವಡೆ ಪರೀಕ್ಷಕರನ್ನು ಕಂಡೊಡನೆ ಮತ್ತೆ ಬಿಗಿದುಕೊಂಡಿತ್ತು. ಪರೀಕ್ಷೆಗೆ ಬಂದವರ ಚಹಾ ಫರಾಳದ ಏರ್ಪಾಡು ವಿದ್ಯಾರ್ಥಿಯದೇ ಎಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಹಿಂದಿನ ಸಾಲಿನಲ್ಲಿದ್ದ ಇರ್ಫಾನ, ಕೊನೆಗೆ ಕೊಡಬೇಕಾದ ಕರದಂಟನ್ನು ಉತ್ಸಾಹದಲ್ಲಿ ಮೊದಲೇ ಹಂಚಿಬಿಟ್ಟ. ಮೈಸೂರು ಕಡೆಯ ಪರೀಕ್ಷಕರು ಒಂದು ತುಂಡನ್ನು ಬಾಯಿಗಿಟ್ಟು, ಪ್ರಶ್ನೆ ಕೇಳಿ, ಅಗಿಯತೊಡಗಿದರು. “ಹಿರಿಯರ ನೆನಪು ಸುಳ್ಳು ಅಂತೀರಾ?” ನಾನು ಹಲ್ಲಿನ ಸಂದಿಯಿಂದ “ಇಲ್ಲ ಸರ್” ಎಂದೆ. “ನಿಜ ಅಂತೀರಾ?” “ಪೂರ್ತಿ ಅಲ್ಲ.” ಅವರು ಇನ್ನೂ ಅಗಿಯುತ್ತಿದ್ದರು. ಅಂಥ ಮೌನವನ್ನು ತುಂಬದೆ ಬಿಟ್ಟವನೇ ಅಲ್ಲ ನಾನು. ಅಂದು ದವಡೆ ಬಿಡಲಿಲ್ಲ. ಗೈಡ್ ಸರ್ ನನ್ನನ್ನು ಬೇರೆ ಯಾರೋ ಎಂಬಂತೆ ನೋಡುತ್ತಿದ್ದರು. ಕೊನೆಗೆ ಪರೀಕ್ಷಕರು ಪ್ರಬಂಧ ಬಿಡಿಸಿ, “ಈ ವಾಕ್ಯ ಬರೆಯುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು?” ಎಂದರು. ಆ ವಾಕ್ಯ ನಾನು ಬರೆದದ್ದೇ ಎಂಬುದೂ ನನಗೆ ಖಾತ್ರಿಯಿರಲಿಲ್ಲ. ಎಂದಿನ ಬಾಯಿದ್ದರೆ ಅರ್ಧ ಗಂಟೆ ಮಾತಾಡಿ ಅದನ್ನು ಮುಚ್ಚಿಡುತ್ತಿದ್ದೆ.

“ನೆನಪಿಲ್ಲ ಸರ್” ಎಂದೆ.

ಅವರು ಅಗಿಯುವುದನ್ನು ನಿಲ್ಲಿಸಿದರು. ಅವರು ಪ್ರಯಾಸಪಟ್ಟು ನುಂಗಿ, ನೀರು ಕುಡಿದು, “ನೆನಪನ್ನು ನಂಬಬೇಡಿ ಅಂತ ಇಷ್ಟು ಪುಟ ಬರೆದು, ತನ್ನ ನೆನಪನ್ನೂ ನಂಬದವರನ್ನು ಇವತ್ತೇ ನೋಡಿದ್ದು. ಎಷ್ಟು ಸಂಯಮ! ನನಗೆ ಕೇಳುವುದು ಇನ್ನೇನೂ ಇಲ್ಲ” ಎಂದು ಸಹಿ ಹಾಕಲು ಪೆನ್ನು ತೆಗೆದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಎಲ್ಲ ಮುಗಿದ ಮೇಲೆ ಗೈಡ್ ಸರ್ ಅವರನ್ನು ಬಸ್ಸಿಗೆ ಬಿಡಲು ಹೋದೆ. ನಿಲ್ದಾಣದ ಕಲ್ಲಿನ ಬೆಂಚಿನ ಮೇಲೆ ಕೂತು ಅವರು ನನ್ನ ಬೆನ್ನು ತಟ್ಟಿ, “ಡಾಕ್ಟರ ಸಾಹೇಬ್ರ, ಮುಂದಿನ ತಿಂಗಳ ನಿಮ್ಮ ನೌಕರಿ ಇಂಟರ್‌ವ್ಯೂ ಐತಿ. ಅಲ್ಲೀತನಾ ಆ ದವಡಿ ಆರಾಮ ಮಾಡ್ಕೋಬ್ಯಾಡ್ರಿ” ಎಂದರು. ಗುರುಗಳ ಮಾತೇನೋ ಸರಿ. ಆದರೆ ದವಡೆ ಬಿಗಿದದ್ದಕ್ಕೂ ಪರೀಕ್ಷೆ ಪಾಸಾದದ್ದಕ್ಕೂ ಸಂಬಂಧವಿದೆಯೆಂದು ಒಂದೇ ಉದಾಹರಣೆಯಿಂದ ಹೇಳಲಾಗದು ಎಂಬುದನ್ನು ಅವರಿಗೆ ತಿಳಿಸುವುದು ನನ್ನ ಕರ್ತವ್ಯವೆನಿಸಿತು. ದೂರದಲ್ಲಿ ಬರುತ್ತಿದ್ದ ಬಸ್ಸುಗಳ ಕಡೆ ಮುಖಮಾಡಿ ನಿಂತು ವಿವರಿಸತೊಡಗಿದೆ. ಮೂರನೆಯ ದೃಷ್ಟಿಯನ್ನು ಮುಗಿಸಿ ನಾಲ್ಕನೆಯದಕ್ಕೆ ಉಸಿರು ತೆಗೆದುಕೊಂಡಾಗ, ನನ್ನ ಬಾಯಿ ಪೂರ್ತಿ ತೆರೆದಿದೆ, ಎಲ್ಲೂ ಟಕ್ಕೆನ್ನುತ್ತಿಲ್ಲ, ಒಂದಿಷ್ಟೂ ನೋವಿಲ್ಲ ಎಂಬುದು ಗೊತ್ತಾಯಿತು. ಆ ಸಂತೋಷದ ಸುದ್ದಿ ಹೇಳೋಣವೆಂದು ಬೆಂಚಿನ ಕಡೆ ತಿರುಗಿದರೆ ಅಲ್ಲಿ ಯಾರೂ ಇರಲಿಲ್ಲ. ಪಕ್ಕದಲ್ಲಿದ್ದವರನ್ನು ಕೇಳಿದೆ. ಹುಕ್ಕೇರಿಯ ಬಸ್ಸು ಆಗಲೇ ಹೋಗಿತ್ತಂತೆ.