ರೇಟು ಒಪ್ಪದ ಬೇಲು

ನಮ್ಮ ಸೋದರಮಾವನಷ್ಟು ಪರೀಕ್ಷೆ ಪಾಸು ಮಾಡಿ, ಅವನಷ್ಟೇ ಅಚ್ಚುಕಟ್ಟಾಗಿ ನಿರುದ್ಯೋಗಿಯಾಗಿ ಉಳಿದ ಇನ್ನೊಬ್ಬ ಮನುಷ್ಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿದ್ದರೆ ತೋರಿಸಿ, ಬರೆಯುವುದನ್ನು ಇಲ್ಲಿಗೇ ನಿಲ್ಲಿಸುತ್ತೇನೆ!

ಬಿ.ಕಾಂ. ಆಯಿತು. ಎಂ.ಕಾಂ. ಆಯಿತು. ಆಮೇಲೆ ಹೊರದೇಶದ ಸಂಸ್ಥೆಯೊಂದು ನಡೆಸುವ ಮೂರು ಹಂತದ ಹಣಕಾಸು ಪರೀಕ್ಷೆ ಹಿಡಿದ. ಯಾಕೆ? ಮುಂಬಯಿಯ ಇನ್ವೆಸ್ಟ್‌ಮೆಂಟ್ ಬ್ಯಾಂಕಿನಲ್ಲಿ ಟ್ರೇಡರ್ ಆಗಲು. ಫೋನು ಹಿಡಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಡಾಲರನ್ನೋ ಬಾಂಡನ್ನೋ ಕೊಂಡು ಮಾರುವ ಕುರ್ಚಿ ಅದು. ತಾತ, ಅಂದರೆ ಮಾವನ ಅಪ್ಪ, ಹೊಗೆಸೊಪ್ಪು ಬೆಳೆಯುವವರು. ಅವರಿಗೆ ಒಂದೇ ಅನುಮಾನ.

"ಅರಾಜು ಕೂಗೋ ಬಯ್ಯರ್‌ಗೊಳು ಯಾವ ಪರೀಕ್ಸೆ ಪಾಸು ಮಾಡವ್ರ್ಲಾ?"

"ಅದೇ ಬೇರೆ, ಇದೇ ಬೇರೆ ಕಣಪ್ಪ."

"ಏನ್ ಬೇರೆ? ಎಲ್ಲೋದ್ರೂ ಬೆವರು ನಮ್ದು, ರೇಟು ಅವರ್ದು."

ಹೊಗೆಸೊಪ್ಪಿನ ಹರಾಜಿನಲ್ಲಿ ರೇಟು ಒಪ್ಪದಿದ್ದರೆ ರೈತ ತನ್ನ ಬೇಲನ್ನು, ಅಂದರೆ ಗೋಣಿತಾಟಿನಲ್ಲಿ ಕಟ್ಟಿದ ಸೊಪ್ಪಿನ ಹೊರೆಯನ್ನು, ಮನೆಗೆ ವಾಪಸು ತರಬಹುದು. ತಾತ ಒಮ್ಮೆಯೂ ತಂದವರಲ್ಲ. ಕೂಗಿದ ರೇಟಿಗೆ ತಲೆಯಾಡಿಸಿ, ಗುಮಾಸ್ತ ಬೇಲಿಗೆ ರೇಟಿನ ಚೀಟಿ ಅಂಟಿಸುವುದನ್ನು ನೋಡಿ, ಬಯ್ದುಕೊಂಡು ಬರುತ್ತಿದ್ದರು.

ಸೊಪ್ಪನ್ನು ಶಾಖದಲ್ಲಿ ಒಣಗಿಸಿ ಹದ ಮಾಡುವ ಬ್ಯಾರನ್ ಕೋಣೆಯ ಒಲೆ ಕಾಯುವ ಪಾಳಿ ಮಾವನದು. ಟೈ ಕಟ್ಟಿಕೊಂಡೇ ಸೌದೆ ತುರುಕುತ್ತಿದ್ದ. ಕೇಳಿದರೆ, "ಕುತ್ತಿಗೆಗೆ ಈಗ್ಲಿಂದ್ಲೇ ಅಭ್ಯಾಸ ಆಗ್ಲಿ ಕಣೋ" ಎನ್ನುತ್ತಿದ್ದ. ಒಂದು ಮಧ್ಯಾಹ್ನ ಓದಿನಲ್ಲಿ ಮುಳುಗಿ, ಶಾಖ ಏರಿದ್ದು ನೋಡಲೇ ಇಲ್ಲ. ಹೊನ್ನಿನ ಬಣ್ಣಕ್ಕೆ ತಿರುಗಬೇಕಿದ್ದ ಸೊಪ್ಪು ಸೀದು ಕರ್ರಗಾಯಿತು. ಓದುತ್ತಿದ್ದ ಅಧ್ಯಾಯ ಯಾವುದು ಗೊತ್ತೇ? ನಷ್ಟವನ್ನು ಮೊದಲೇ ಊಹಿಸುವುದು ಹೇಗೆ! (ಇದನ್ನು ಹೇಳಿ ಎಷ್ಟು ಜನರನ್ನು ನಗಿಸಿದ್ದೇನೆಂದರೆ, ಅಧ್ಯಾಯ ನಿಜಕ್ಕೂ ಅದೇ ಆಗಿತ್ತೋ ನಾನೇ ಬದಲಿಸಿದೆನೋ, ನನಗೇ ಗುಮಾನಿ. ಸೊಪ್ಪು ಸೀದದ್ದು ನಿಜ. ಆ ವರ್ಷ ಮನೆಯಲ್ಲಿ ಯಾರೂ ನಗಲಿಲ್ಲ.)

ಟ್ರೇಡರನ ಮುಖದಲ್ಲಿ ಲಾಭವೂ ಕಾಣಬಾರದು, ನಷ್ಟವೂ ಕಾಣಬಾರದು ಎಂದು ಎಲ್ಲೋ ಓದಿದ. ಅಂದಿನಿಂದ ಮುಖಕ್ಕೆ ತಾಲೀಮು ಶುರು. ಹಸಿಮೆಣಸಿನಕಾಯಿ ಕಡಿದು ಕಲ್ಲಿನಂತೆ ಕೂರುತ್ತಿದ್ದ. ಹಾರನಹಳ್ಳಿಗೆ ಹೆಣ್ಣು ನೋಡಲು ಹೋದಾಗಲೂ ಅದೇ ಮುಖ. ಹುಡುಗಿಯ ಅಜ್ಜಿ ನಮ್ಮಮ್ಮನನ್ನು ಪಕ್ಕಕ್ಕೆ ಕರೆದು, "ಉಡುಗ ಒಳ್ಳೇವ್ನೇ ಕಣವ್ವ. ಲಕ್ವ ಒಡ್ದು ಎಷ್ಟ್ ದಿನ ಆಯ್ತು?" ಎಂದು ಕೇಳಿತು.

ಮೂರನೆಯ ಹಂತವೂ ಪಾಸಾಗಿ, ಕೊನೆಗೂ ಮುಂಬಯಿಯಿಂದ ಕರೆ ಬಂತು. ಕೋಟು ಹಾಕಿದ ಇಬ್ಬರು ಅವನ ಸರ್ಟಿಫಿಕೇಟುಗಳನ್ನು, ಮದುವೆಮನೆಯಲ್ಲಿ ಬೇರೆಯವರಿಗೆ ಬಂದ ಉಡುಗೊರೆ ನೋಡುವ ಹಾಗೆ ನೋಡಿದರಂತೆ.

"ಬಹಳ ಸಂತೋಷ. ಕಾಲೇಜು ಯಾವುದು?"

"ಹುಣಸೂರು."

ಒಬ್ಬ ಇನ್ನೊಬ್ಬನ ಮುಖ ನೋಡಿದ. ಟ್ರೇಡರ್ ಕುರ್ಚಿಗಳಿಗೆ ದೇಶದ ಎರಡು ಮೂರು ದೊಡ್ಡ ಕಾಲೇಜುಗಳಿಂದ ಹುಡುಗರನ್ನು ಆಗಲೇ ಆರಿಸಿಯಾಗಿತ್ತು. ಅವರಲ್ಲಿ ಒಬ್ಬನೂ ಈ ಪರೀಕ್ಷೆಯ ಮೊದಲ ಹಂತವನ್ನು ಕೂಡ ಬರೆದವನಲ್ಲ! ಬೇಕಾದರೆ, ಆ ಹುಡುಗರು ಮಾಡಿದ ವ್ಯಾಪಾರವನ್ನು ಹಿಂದಿನ ಕೋಣೆಯಲ್ಲಿ ಕೂತು ತಾಳೆ ನೋಡುವ ಕೆಲಸವಿದೆ ಎಂದರು. ಹಾಗಾದರೆ ಇಷ್ಟು ವರ್ಷದ ಪರೀಕ್ಷೆ ಉಪಯೋಗಕ್ಕೆ ಬರಲಿಲ್ಲವೇ? ಯಾಕಿಲ್ಲ? ಲಿಫ್ಟಿನ ತನಕ ಬಂತು.

ಅವನನ್ನು ಕರೆತರಲು ತಾತನೂ ನಾನೂ ಹುಣಸೂರು ಬಸ್‌ಸ್ಟ್ಯಾಂಡಿಗೆ ಹೋದೆವು. ಬಸ್ಸಿಳಿದವನ ಮುಖದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ತಾಲೀಮು ಅಷ್ಟು ಚೆನ್ನಾಗಿ ಆಗಿತ್ತು.

"ಏನಂದ್ರ್ಲಾ?"

"ಅವರು ಕೊಂಡಿದ್ಕೆ ನಾನು ಚೀಟಿ ಅಂಟುಸ್ಬೇಕಂತೆ."

"ನೀನೇನಂದೆ?"

"ಬ್ಯಾಡ ಅಂದೆ."

ಈಗ ಬಯ್ಗುಳ ಬರುತ್ತದೆಂದು ನಾನು ಪಕ್ಕಕ್ಕೆ ಸರಿದೆ. ತಾತ ಟವೆಲಿನಿಂದ ಬಾಯಿ ಒರೆಸಿಕೊಂಡರು.

"ಒಳ್ಳೇದ್ ಮಾಡ್ದೆ ಬುಡು. ರೇಟು ಒಪ್ನಿಲ್ಲ ಅಂದ್ರೆ ಬೇಲು ವಾಪಸ್ ತರಬೋದು ಕಣ್ಲಾ. ನನ್ಗೇ ಯಾವತ್ತೂ ದೈರ್ಯ ಬರ್ನಿಲ್ಲ."

ಇಲ್ಲಿ ತಾತ ಅತ್ತರು ಎಂದು ಬರೆದರೆ ನಿಮಗೆ ಹಿತವಾಗುತ್ತದೆ. ಅವರು ಅಳಲಿಲ್ಲ. ಮಾವನ ಆ ಕಲ್ಲುಮುಖ ಮಾತ್ರ, ಅಷ್ಟು ಜನರ ನಡುವೆ, ಮಗುವಿನ ಮುಖದಂತೆ ಸೊಟ್ಟಗಾಯಿತು. ತಾತ ಮುಂದೆ ಬಂದು, ಅವನ ಕುತ್ತಿಗೆಯಲ್ಲಿ ಇನ್ನೂ ಬಿಗಿದಿದ್ದ ಟೈಯ ಗಂಟಿಗೆ ಕೈ ಹಾಕಿದರು. ಟೈ ಬಿಚ್ಚಿ ಗೊತ್ತಿಲ್ಲದ ಆ ಒರಟು ಬೆರಳುಗಳು, ಒಳಗಿನ ಒಂದೆಲೆಯೂ ಮುರಿಯದ ಹಾಗೆ ಬೇಲಿನ ಹಗ್ಗ ಸಡಿಲಿಸುವಂತೆ, ನಿಧಾನವಾಗಿ ಸಡಿಲಿಸತೊಡಗಿದವು.