ದಂಡನಾಯಕರ ಬಯೋಡೇಟಾ

ಈ ಭೂಮಿಯ ಮೇಲೆ ಕೆಟ್ಟ ಗಂಡಸೇ ಇಲ್ಲ ಎಂದು ಬರೆದುಕೊಡುವವರು ಯಾರಾದರೂ ಇದ್ದರೆ ಅದು ನಮ್ಮ ಅತ್ತೆ, ಅಪ್ಪನ ತಂಗಿ. ಹುನಗುಂದದ ಕನ್ಯೆಗೆ ಇಳಕಲ್ಲಿನ ವರ, ಬಾದಾಮಿಯ ವರನಿಗೆ ಬಾಗಲಕೋಟೆಯ ಕನ್ಯೆ ಎಂದು ಬಸ್ಸಿನಲ್ಲೇ ಓಡಾಡಿ ಸಂಬಂಧ ಕೂಡಿಸುವುದು ಅವಳ ಕಸುಬು. ಬಯೋಡೇಟಾ ಬರೆಯುವವಳೂ ಅವಳೇ. ಅಲ್ಲಿ ಸೋಮಾರಿ 'ಶಾಂತ ಸ್ವಭಾವ' ಆಗುತ್ತಾನೆ, ತಾಟು ಎತ್ತಿ ಒಗೆಯುವವನು 'ಊಟದ ವಿಷಯದಲ್ಲಿ ಶಿಸ್ತು'! ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳಿಗ್ಗೆ ಹೇಳದೆ ಕೇಳದೆ ಮನೆ ಬಿಟ್ಟು ಹೋದ ಅವಳ ಗಂಡ ಕೂಡ ಅವಳ ಬಾಯಲ್ಲಿ ಇಂದಿಗೂ 'ಸೊಲ್ಲಾಪುರದಾಗ ಕೆಲಸಕ್ಕ ಅದಾರ'. ನಾವು ಯಾರೂ ಅದನ್ನು ತಿದ್ದಲು ಹೋದವರಲ್ಲ.

ಇಂಥವಳ ಕೈಗೆ ನಾನು ಇಪ್ಪತ್ತು ದಂಡನಾಯಕರನ್ನು ಒಪ್ಪಿಸಿದೆ, ನೋಡಿ!

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ರೂಮು ಹಿಡಿದು ನಾನೂ ಗೆಳೆಯನೂ ಒಂದು ಕಂಪ್ಯೂಟರ್ ಆಟ ಕಟ್ಟುತ್ತಿದ್ದೆವು. ಹಳೆಯ ಕಾಲದ ರಾಜ್ಯ, ಮಲಪ್ರಭೆಯ ದಂಡೆ, ಕೋಟೆ, ಸೈನ್ಯ. ದಂಡನಾಯಕನ ಗುಣದ ಮೇಲೆ ಸೈನ್ಯ ಗೆಲ್ಲಬೇಕು ಇಲ್ಲವೇ ಸೋಲಬೇಕು. ನಮಗೆ ಹೊಳೆದ ಗುಣಗಳು ಮೂರೇ: ಶೂರ, ಕ್ರೂರ, ಅತಿ ಶೂರ. ಗಂಡಸರ ಸ್ವಭಾವ ಅತ್ತೆಗಿಂತ ಹೆಚ್ಚು ಯಾರಿಗೆ ಗೊತ್ತು ಎಂದು ಅವಳನ್ನು ಕರೆತಂದೆ.

ಮೊದಲ ದಂಡನಾಯಕನ ಚಿತ್ರ ನೋಡಿ ಕೇಳಿದಳು, "ಮನ್ಯಾಗ ಯಾರ‍್ಯಾರು ಅದಾರ?"

"ಅತ್ತಿ, ಅಂವಾ ಯುದ್ಧಕ್ಕ ಹೊಂಟಾನ."

"ಹೋಗಲಿ. ಮನ್ಯಾಗ ಹೇಳಿ ಹೊಂಟಾನೋ ಇಲ್ಲೋ?"

ವಾರದಲ್ಲಿ ಇಪ್ಪತ್ತೂ ಬಯೋಡೇಟಾ ತಯಾರಾದವು. ಪುಕ್ಕಲನಿಗೆ 'ಮನೆಯ ಮೇಲೆ ಮಾಯೆ ಜಾಸ್ತಿ', ಊರಿಗೆ ಬೆಂಕಿ ಇಡುವವನಿಗೆ 'ಕೆಲಸದಲ್ಲಿ ಚುರುಕು'. ಅವನ್ನೇ ಆಟಕ್ಕೆ ತುಂಬಿದೆವು. ಪಟ್ಟದಕಲ್ಲಿನ ಹತ್ತಿರ ಎರಡು ಸೈನ್ಯ ಎದುರುಬದುರು ನಿಂತವು. ನಿಂತೇ ಇದ್ದವು. ಸಂಜೆಗೆ ಇಬ್ಬರು ದಂಡನಾಯಕರೂ ತಮ್ಮ ತಮ್ಮ ಊರಿಗೆ ಮರಳಿದರು.

"ನಿಮ್ಮತ್ತಿ ದಂಡು ಕಟ್ಟಿಲ್ಲಲೇ, ದಿಬ್ಬಣ ಕಟ್ಟ್ಯಾರ," ಎಂದ ಗೆಳೆಯ.

ಕೊನೆಗೆ ನಾನೇ ಅತ್ತೆಗೆ ದುಂಬಾಲು ಬಿದ್ದೆ. "ಒಬ್ಬನರ ಕೆಟ್ಟಾಂವ ಬೇಕು. ಇಲ್ಲಂದ್ರ ಆಟ ನಡಿಯೂದಿಲ್ಲ. ಮುಚ್ಚಿಡಲಾರದ ಬರಿ, ಅತ್ತಿ."

ಅವಳು ಎರಡು ದಿನ ಬಿಟ್ಟು ಒಂದು ಚೀಟಿ ಕೊಟ್ಟಳು. 'ಮಾತು ಚೊಲೊ. ಕೈಗುಣ ಚೊಲೊ. ಹೇಳದ ಹೋಗತಾನ.'

ಇಷ್ಟು ವರ್ಷಗಳಲ್ಲಿ ಅವಳು ಮುಚ್ಚದೆ ಬರೆದ ಮೊದಲ ಗುಣ ಅದು. ಓದಿದ ನನಗೆ ಚೇಷ್ಟೆ ಮಾಡುವ ಧೈರ್ಯ ಬರಲಿಲ್ಲ.

ಆ ದಂಡನಾಯಕನನ್ನು ಆಟಕ್ಕೆ ಬಿಟ್ಟ ದಿನ ಅತ್ತೆ ಪಕ್ಕದಲ್ಲೇ ಕೂತಿದ್ದಳು. ನಸುಕಿನಲ್ಲಿ ಅವನ ಕುದುರೆ ಕೋಟೆ ದಾಟಿ ಹೋಯಿತು.

"ಮುಂದ?"

"ತಿರುಗಿ ಬಂದ್ರ ತಲಿ ತಗೀತಾರ. ದಂಡು ಬಿಟ್ಟು ಹ್ವಾದವ್ರಿಗೆ ಆಟದಾಗ ಅದ ನಿಯಮ."

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"ತಲಿ ತಗೀಬ್ಯಾಡ, ತಮ್ಮಾ. ಸಣ್ಣ ಬಾಗಲಾ ಒಂದು ತೆರದಿಡು. ಬಂದ್ರ ಮೊದಲ ಹೊರಗ ನಿಂದರಸು. ಯಾಕ ಹೋಗಿದ್ದಿ ಅಂತ ಕೇಳು. ಆಮ್ಯಾಲೆ ಊಟಕ್ಕ ಹಾಕು."

ಹಾಗೆಯೇ ಬರೆದೆ. ಈಗ ಶತ್ರುಗಳೆಲ್ಲ ಆ ಸಣ್ಣ ಬಾಗಿಲಿನಿಂದಲೇ ನುಗ್ಗುತ್ತಾರೆ, ಮುಚ್ಚು ಎಂದು ಗೆಳೆಯ ದಿನವೂ ಜಗಳ ಮಾಡುತ್ತಾನೆ. ದಂಡನಾಯಕ ಇನ್ನೂ ಬಂದಿಲ್ಲ. ನಾನು ಮುಚ್ಚಿಲ್ಲ.